ರೈಲು ಪಾಸಿನ ದೂರದಲ್ಲೇ ಸಾವಿರ ವರ್ಷ: ಥಾಣೆ, ಕಲ್ಯಾಣ, ನವಿ ಮುಂಬಯಿ ಸುತ್ತಿನ ಪಾರಂಪರಿಕ ತಾಣಗಳು

ಮೇ ತಿಂಗಳ ರಜೆ ಹತ್ತಿರವಾದಂತೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಟಿಕೆಟ್ಟಿನದೇ ಮಾತು. ಮತ್ಸ್ಯಗಂಧವೋ ಉದ್ಯಾನ್ ಎಕ್ಸ್‌ಪ್ರೆಸ್ಸೋ ಖಚಿತವಾಗಿಬಿಟ್ಟರೆ ಅರ್ಧ ಹಬ್ಬ ಮುಗಿದಂತೆ. ಊರಿಗೆ ಹೋದಾಗ ಮಕ್ಕಳಿಗೆ ಕಾರ್ಕಳದ ಗೊಮ್ಮಟನನ್ನೋ ಬಿಜಾಪುರದ ಗೋಳಗುಮ್ಮಟವನ್ನೋ ತೋರಿಸಿ, ಇದು ನಮ್ಮ ಚರಿತ್ರೆ ಎನ್ನುತ್ತೇವೆ. ವರ್ಷದ ಮಿಕ್ಕ ಭಾನುವಾರಗಳು ಮಾಲು, ಸಿನಿಮಾ, ಮದುವೆ ಮನೆಗಳಲ್ಲಿ ಕಳೆಯುತ್ತವೆ. ದಿನಾ ಹತ್ತಿಳಿಯುವ ಲೋಕಲ್ ರೈಲಿನ ಹಳಿಯ ಎರಡೂ ಬದಿಗೆ ಎರಡು ಸಾವಿರ ವರ್ಷದ ಬಂದರು, ಸಾವಿರ ವರ್ಷದ ಶಿವಾಲಯ, ಪೋರ್ಚುಗೀಸರ ಕೋಟೆ, ಕುದಿನೀರಿನ ಬುಗ್ಗೆ ಎಲ್ಲವೂ ಇದ್ದರೂ ಅವುಗಳ ಕಡೆ ಕಣ್ಣು ಹಾಯುವುದು ಕಡಿಮೆ.

ಈ ತಾಣಗಳಲ್ಲಿ ಹಲವಕ್ಕೆ ಕನ್ನಡ ನಾಡಿನ ನೇರ ನಂಟಿದೆ. ಮಾನ್ಯಖೇಟದ ರಾಷ್ಟ್ರಕೂಟರು, ಬಿಜಾಪುರದ ಆದಿಲ್‌ಶಾಹಿಗಳು, ಮುಂದೆ ಬೆಂಗಳೂರಿನ ಜಹಗೀರುದಾರನಾದ ಶಹಾಜಿ, ಕಾಞಂಗಾಡಿನಿಂದ ಬಂದ ನಿತ್ಯಾನಂದರು, ಎಲ್ಲರ ಹೆಜ್ಜೆಯೂ ಈ ನೆಲದಲ್ಲಿದೆ. ನಮ್ಮ ತಂದೆ ತಾಯಂದಿರು ಹೋಟೆಲು, ಬ್ಯಾಂಕು, ಗಿರಣಿ ಕೆಲಸಕ್ಕೆಂದು ಇತ್ತ ಬರುವ ಎಷ್ಟೋ ಶತಮಾನ ಮೊದಲೇ ಈ ಹಾದಿ ತೆರೆದಿತ್ತು. ಒಂದೊಂದು ಭಾನುವಾರಕ್ಕೆ ಒಂದೊಂದರಂತೆ ನೋಡಿ ಬರಲು ಅನುಕೂಲವಾಗುವ ಹಾಗೆ ಇಲ್ಲಿ ಕೆಲವು ತಾಣಗಳ ವಿವರ ಕೊಟ್ಟಿದೆ.

ಹೊರಡುವ ಮುನ್ನ

ಮೊದಲ ಕೆಲಸ, ಶನಿವಾರ ಸಂಜೆಯೇ ಮೆಗಾಬ್ಲಾಕ್ ಎಲ್ಲಿದೆಯೆಂದು ನೋಡಿಕೊಳ್ಳುವುದು. ಮಧ್ಯ ರೈಲ್ವೆಯ ಮುಖ್ಯ ಮಾರ್ಗ, ಹಾರ್ಬರ್, ಟ್ರಾನ್ಸ್‌ಹಾರ್ಬರ್ ಮಾರ್ಗಗಳಲ್ಲಿ ಭಾನುವಾರ ಹಳಿ ದುರಸ್ತಿಗಾಗಿ ಹಲವು ಗಂಟೆ ರೈಲು ನಿಲ್ಲಿಸುವುದು ವಾಡಿಕೆ. ಬೆಳಗ್ಗೆ ಎಂಟರೊಳಗೆ ರೈಲು ಹತ್ತಿದರೆ ಈ ತಾಪತ್ರಯವೂ ಬಿಸಿಲೂ ಎರಡೂ ತಪ್ಪುತ್ತವೆ.

ಕಲ್ಯಾಣದಲ್ಲಿ ಮಾರ್ಗ ಎರಡಾಗಿ ಒಡೆಯುವುದನ್ನು ಹೊಸಬರು ನೆನಪಿಡಬೇಕು. ಕರ್ಜತ್ ಕಡೆಯ ರೈಲು ಅಂಬರನಾಥಕ್ಕೆ ಹೋಗುತ್ತದೆ, ಕಸಾರಾ ಕಡೆಯದು ಟಿಟ್ವಾಳಾ, ಆಸನ್‌ಗಾಂವ್‌ಗಳಿಗೆ. ಫಲಕ ನೋಡದೆ ಹತ್ತಿದರೆ ಅಂಬರನಾಥದ ಶಿವಾಲಯಕ್ಕೆಂದು ಹೊರಟವರು ಟಿಟ್ವಾಳಾದ ಗಣಪತಿಯ ಮುಂದೆ ಇಳಿಯಬೇಕಾದೀತು. ಥಾಣೆಯಿಂದ ನವಿ ಮುಂಬಯಿಗೆ ಟ್ರಾನ್ಸ್‌ಹಾರ್ಬರ್ ಲೋಕಲ್ ಇದೆ.

ನವೆಂಬರಿನಿಂದ ಫೆಬ್ರವರಿ ತಿರುಗಾಟಕ್ಕೆ ಹಿತವಾದ ಕಾಲ. ಮಳೆಗಾಲದಲ್ಲಿ ಕೊಂಕಣದ ಹಸಿರು ನೋಡಲು ಚೆಂದವಾದರೂ ಬೆಟ್ಟ, ಜಲಪಾತಗಳ ಬಳಿ ಜಿಲ್ಲಾಡಳಿತ ಆಗಾಗ ನಿಷೇಧ ಹೇರುತ್ತದೆ. ಅದನ್ನು ಕೇಳಿಕೊಂಡೇ ಹೊರಡಿ. ನೀರು, ಟೋಪಿ, ಮಕ್ಕಳಿಗೊಂದು ಡಬ್ಬಿ ತಿಂಡಿ ಜೊತೆಗಿರಲಿ. ಹಳೆಯ ಗಜೆಟಿಯರ್‌ಗಳಲ್ಲಿ ಥಾಣೆ ಜಿಲ್ಲೆಯದೆಂದು ಓದುವ ವಸಯಿ ಕೋಟೆ, ಸೋಪಾರಾ ಸ್ತೂಪಗಳು 2014ರ ಆಗಸ್ಟ್ 1ರಂದು ಹುಟ್ಟಿದ ಪಾಲ್ಘರ್ ಜಿಲ್ಲೆಗೆ ಸೇರಿವೆ. ಅವುಗಳಿಗೆ ಪಶ್ಚಿಮ ರೈಲ್ವೆಯ ದಾರಿಯೇ ಸುಲಭ, ಹಾಗಾಗಿ ಇಲ್ಲಿ ಸೇರಿಸಿಲ್ಲ.

ಅಂಬರನಾಥ: ಗರ್ಭಗುಡಿಗೆ ಇಳಿದು ಹೋಗುವ ಶಿವಾಲಯ

ಒಂದೇ ಒಂದು ತಾಣ ನೋಡಲು ಪುರುಸೊತ್ತು ಇದೆ ಎನ್ನುವವರು ಅಂಬರನಾಥಕ್ಕೆ ಹೋಗಬೇಕು. ಕಲ್ಯಾಣದಿಂದ ಕರ್ಜತ್ ಮಾರ್ಗದಲ್ಲಿ ಮೂರನೆಯ ನಿಲ್ದಾಣ. ಪೂರ್ವಕ್ಕೆ ಇಳಿದು ಆಟೋದವರಿಗೆ ‘ಶಿವಮಂದಿರ್’ ಎಂದರೆ ಸಾಕು. ಎರಡು ಕಿಲೋಮೀಟರಿನಷ್ಟು ದಾರಿ. ಕಾರ್ಖಾನೆಗಳೂ ಒತ್ತೊತ್ತಾದ ಕಟ್ಟಡಗಳೂ ಮುಗಿಯುವಲ್ಲಿ ವಾಲ್ಧುನಿ ಹೊಳೆಯ ದಂಡೆಗೆ ಈ ಕಪ್ಪು ಕಲ್ಲಿನ ಗುಡಿ ಇದೆ.

ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ಕಟ್ಟಿಸಿದ್ದು ಇದು. ಕೆಲಸ ಆರಂಭಿಸಿದವನು ಛಿತ್ತರಾಜ, ಮುಗಿಸಿದವನು ಅವನ ತಮ್ಮ ಮುಮ್ಮುಣಿ. ಗುಡಿಯಲ್ಲೇ ಸಿಕ್ಕ ಶಾಸನದಲ್ಲಿ ಶಕ 982, ಎಂದರೆ ಕ್ರಿ.ಶ. 1060ರ ಕಾಲಸೂಚನೆ ಇದೆ. ಆಗ ಬಸವಕಲ್ಯಾಣದಿಂದ ಆಳುತ್ತಿದ್ದವನು ಚಾಲುಕ್ಯ ಒಂದನೆಯ ಸೋಮೇಶ್ವರ. ಲಕ್ಕುಂಡಿ, ಗದಗುಗಳ ಶಿಲ್ಪಿಗಳ ಕೈಯಲ್ಲಿ ಉಳಿ ಸುತ್ತಿಗೆ ಬಿಡುವಿಲ್ಲದೆ ಆಡುತ್ತಿದ್ದ ಶತಮಾನವದು. ಲಕ್ಕುಂಡಿ ನೋಡಿದವರು ಆ ನೆನಪನ್ನು ಜೊತೆಗಿಟ್ಟುಕೊಂಡು ಇಲ್ಲಿಗೆ ಬಂದರೆ ನೋಟಕ್ಕೆ ಇನ್ನಷ್ಟು ರುಚಿ.

ಹೊರಗೋಡೆಯನ್ನು ಒಂದು ಸುತ್ತು ನಿಧಾನವಾಗಿ ಬನ್ನಿ. ಗೋಡೆ ನೇರವಾಗಿಲ್ಲ, ಮೂಲೆ ಮೂಲೆಯಾಗಿ ಒಳಹೊರಗೆ ಚಾಚಿದೆ. ಆ ಮೂಲೆಗಳಲ್ಲಿ ಶಿವನ ಹಲವು ರೂಪಗಳು, ದೇವಿಯರು, ಸುರಸುಂದರಿಯರು, ಆನೆ ಸಾಲುಗಳು. ಮೇಲೆ ಶಿಖರದಲ್ಲಿ ಪುಟ್ಟ ಪುಟ್ಟ ಶಿಖರಗಳನ್ನು ಸಾಲಾಗಿ ಪೋಣಿಸಿದಂತೆ ಕಾಣುವುದು ಭೂಮಿಜ ಶೈಲಿಯ ಗುರುತು. ಮಾಳವದಲ್ಲಿ ಬೆಳೆದ ಈ ಶೈಲಿಯ ಹಳೆಯ ಮಾದರಿಗಳಲ್ಲಿ ಅಂಬರನಾಥಕ್ಕೆ ದೊಡ್ಡ ಸ್ಥಾನವಿದೆ. ಬೇಲೂರಿನ ಕುಸುರಿಯನ್ನು ನಿರೀಕ್ಷಿಸಿ ಬಂದವರಿಗೆ ಇಲ್ಲಿನ ಶಿಲ್ಪ ಒರಟೆನಿಸಬಹುದು. ಅದಕ್ಕೆ ಕಾರಣ ಕಲ್ಲು. ಹೊಯ್ಸಳರಿಗೆ ಸಿಕ್ಕಿದ್ದು ಗಣಿಯಿಂದ ತೆಗೆದಾಗ ಮೆತ್ತಗಿರುವ ಬಳಪದ ಕಲ್ಲು. ಇಲ್ಲಿನವರು ಕೆತ್ತಿದ್ದು ಜ್ವಾಲಾಮುಖಿಯ ಲಾವಾ ಆರಿ ಆದ ಬಸಾಲ್ಟನ್ನು. ಉಳಿಗೆ ಸುಲಭವಾಗಿ ಬಗ್ಗದ ಆ ಕಲ್ಲು ಒಂಬತ್ತೂವರೆ ಶತಮಾನದಿಂದ ಕೊಂಕಣದ ಮಳೆಯನ್ನೂ ಈಚಿನ ಕಾರ್ಖಾನೆ ಗಾಳಿಯನ್ನೂ ತಾಳಿಕೊಂಡು ನಿಂತಿದೆ.

ಒಳಗೆ ಮಂಟಪದ ಕೆತ್ತನೆಯ ಕಂಬಗಳನ್ನು ದಾಟಿ ಮುಂದೆ ಹೋದರೆ ನೆಲಮಟ್ಟದಿಂದ ಕೆಳಗೆ ಮೆಟ್ಟಿಲುಗಳು. ಇಪ್ಪತ್ತರಷ್ಟು ಮೆಟ್ಟಿಲಿಳಿದ ಮೇಲೆ ಲಿಂಗದ ದರ್ಶನ. ತಲೆಯೆತ್ತಿದರೆ ಶಿಖರ ಮುಚ್ಚಿಲ್ಲ, ಆಕಾಶದ ಬೆಳಕು ನೇರ ಗರ್ಭಗುಡಿಗೆ ಬೀಳುತ್ತದೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದರೂ ಇದು ನಿತ್ಯ ಪೂಜೆಯ ಗುಡಿ. ಸೋಮವಾರ, ಶ್ರಾವಣಮಾಸ, ಮಹಾಶಿವರಾತ್ರಿಯ ಜಾತ್ರೆಯಲ್ಲಿ ಶಿಲ್ಪ ನೋಡಲು ಸಾಧ್ಯವಿಲ್ಲದಷ್ಟು ಜನ. ಶಿಲ್ಪಕ್ಕಾಗಿ ಹೋಗುವವರಿಗೆ ವಾರದ ನಡುವಿನ ಬೆಳಗೇ ಸರಿ. ಎಂಟು ಒಂಬತ್ತು ಗಂಟೆಯ ಓರೆ ಬಿಸಿಲಿನಲ್ಲಿ ಪೂರ್ವದ ಗೋಡೆಯ ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ. ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಕಾನ್ಹೇರಿ: ನೃಪತುಂಗನ ಹೆಸರಿರುವ ಬೆಟ್ಟ

ಶಿಲಾಹಾರರ ಕಥೆಯ ಹಿಂದಿನ ಅಧ್ಯಾಯ ಥಾಣೆಯ ಬೆನ್ನಿಗಿರುವ ಕಾಡಿನಲ್ಲಿದೆ. ಯೇವೂರು ಬೆಟ್ಟದಿಂದ ಬೋರಿವಲಿಯವರೆಗೆ ಹಬ್ಬಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ನೂರಕ್ಕೂ ಹೆಚ್ಚು ಚದರ ಕಿಲೋಮೀಟರಿನ ಕಾಡು. ಅದರೊಳಗೆ ಬೆಟ್ಟ ಕೊರೆದು ಮಾಡಿದ ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು ಕಾನ್ಹೇರಿ. ತಾಣ ಮುಂಬಯಿ ಉಪನಗರ ಜಿಲ್ಲೆಯದಾದರೂ ಥಾಣೆಯವರಿಗೆ ಘೋಡ್‌ಬಂದರ್ ರಸ್ತೆಯ ಬಸ್ಸು ಹಿಡಿದರೆ ಬೋರಿವಲಿ ದೂರವಲ್ಲ.

ಕ್ರಿಸ್ತಶಕದ ಆರಂಭದ ಆಸುಪಾಸಿನಿಂದ ಸುಮಾರು ಸಾವಿರ ವರ್ಷ ಭಿಕ್ಷುಗಳು ವಾಸಿಸಿದ ವಿದ್ಯಾಕೇಂದ್ರ ಇದು. ಇಲ್ಲಿನ ಶಾಸನಗಳು ದಾನಿಗಳ ಊರು ಕಸುಬುಗಳನ್ನು ಹೇಳುತ್ತವೆ. ಕಲ್ಯಾಣದ ವರ್ತಕರು, ಅಕ್ಕಸಾಲಿಗರು, ಸೋಪಾರಾದವರು ಗುಹೆಗೋ ನೀರಿನ ತೊಟ್ಟಿಗೋ ದಾನ ಕೊಟ್ಟಿದ್ದಾರೆ.

ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದದ್ದು 9ನೆಯ ಶತಮಾನದ ಶಾಸನಗಳನ್ನು. ಆಗ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಪುಲ್ಲಶಕ್ತಿ ಮತ್ತು ಅವನ ಮಗ ಎರಡನೆಯ ಕಪರ್ದಿಯ ಕಾಲದ ಈ ಬರಹಗಳಲ್ಲಿ ಸಾರ್ವಭೌಮನೆಂದು ಹೆಸರು ಹೇಳಿರುವುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನದು. ‘ಕವಿರಾಜಮಾರ್ಗ’ ಹುಟ್ಟಿದ್ದು ಇದೇ ನೃಪತುಂಗನ ಆಸ್ಥಾನದಲ್ಲಿ. ಜೈನಧರ್ಮಕ್ಕೆ ಒಲಿದ ದೊರೆ, ಶೈವರಾದ ಸಾಮಂತರು, ಬೌದ್ಧ ವಿಹಾರಕ್ಕೆ ದಾನ. ಆ ದಾನದಲ್ಲಿ ಭಿಕ್ಷುಗಳ ಬಟ್ಟೆ, ವಿಹಾರದ ದುರಸ್ತಿಗಳ ಜೊತೆಗೆ ಪುಸ್ತಕಗಳಿಗೆಂದೂ ಹಣ ಬಿಟ್ಟಿದ್ದಾರೆ. ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಕವಿರಾಜಮಾರ್ಗದ ಕಾಲವನ್ನು ವಿವರಿಸಲು ಮುಂಬಯಿಯ ಸುತ್ತ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನೋಡಲೇಬೇಕಾದವು: 3ನೆಯ ಗುಹೆಯ ದೊಡ್ಡ ಚೈತ್ಯ ಮತ್ತು ಅದರ ಮೊಗಸಾಲೆಯ ಎರಡು ಎತ್ತರದ ಬುದ್ಧರು, ದರ್ಬಾರ್ ಎಂದು ಕರೆಯುವ 11ನೆಯ ಗುಹೆ, 41ರಲ್ಲಿರುವ ಹನ್ನೊಂದು ತಲೆಯ ಅವಲೋಕಿತೇಶ್ವರ. ಬೆಟ್ಟದ ಮೇಲೆ ಮಳೆನೀರು ಹಿಡಿದಿಡಲು ಕೊರೆದ ಕಾಲುವೆ, ತೊಟ್ಟಿಗಳ ಜಾಲವನ್ನು ಮರೆಯದೆ ನೋಡಿ. ಸೋಮವಾರ ಉದ್ಯಾನಕ್ಕೆ ರಜೆ. ಉದ್ಯಾನಕ್ಕೂ ಗುಹೆಗಳಿಗೂ ಬೇರೆ ಬೇರೆ ಟಿಕೆಟ್. ಗೇಟಿನಿಂದ ಗುಹೆಗಳವರೆಗೆ ಬಸ್ಸಿದೆ. ಮಂಗಗಳ ಕಾಟವಿರುವುದರಿಂದ ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದು ನಡೆಯಬೇಡಿ. ಚಿರತೆಗಳ ಕಾಡಾದ್ದರಿಂದ ಯೇವೂರು ಕಡೆಯಲ್ಲೂ ಕತ್ತಲಾಗುವ ಮುನ್ನ ಹೊರಬರುವುದು ಕ್ಷೇಮ.

ಕಲ್ಯಾಣ: ಗ್ರೀಕರಿಗೆ ಗೊತ್ತಿದ್ದ ಬಂದರು

ಇವತ್ತು ಕಲ್ಯಾಣವೆಂದರೆ ಜಂಕ್ಷನ್ನಿನ ನೂಕುನುಗ್ಗಲು. ಕ್ರಿ.ಶ. 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಇದು ಕಲ್ಲಿಯೆನಾ ಎಂಬ ಬಂದರು. ಅರಸರ ಜಗಳದಿಂದ ಇಲ್ಲಿ ವ್ಯಾಪಾರಕ್ಕೆ ಅಡ್ಡಿಯಾಗಿ, ದಾರಿತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸುತ್ತಿದ್ದರೆಂದು ಅದು ಹೇಳುತ್ತದೆ.

ಆ ಬಂದರಿನ ಜಾಗ ಹುಡುಕುವವರು ನಿಲ್ದಾಣದ ಪಶ್ಚಿಮಕ್ಕಿಳಿದು ಆಟೋ ಹಿಡಿದು ದುರ್ಗಾಡಿ ಕೋಟೆಗೆ ಹೋಗಬೇಕು. ಖಾರಿಯ, ಅಂದರೆ ಕಡಲ ಹಿನ್ನೀರಿನ, ದಂಡೆಯ ದಿಬ್ಬದ ಮೇಲಿನ ಈ ಕೋಟೆಯಲ್ಲಿ ಉಳಿದಿರುವುದು ಕೆಲವು ಬುರುಜು, ಬಾಗಿಲು, ಗೋಡೆಯ ತುಂಡುಗಳು ಮಾತ್ರ. ಆದರೆ ನಿಂತು ನೋಡಿದರೆ ಜಾಗದ ಮಹತ್ವ ಹೊಳೆಯುತ್ತದೆ. ಘಟ್ಟದಿಂದ ಇಳಿದ ಸರಕು ಹಡಗು ಹತ್ತಬೇಕಾದದ್ದು ಇಲ್ಲೇ.

ಮೊಗಲರಿಗೂ ಬಿಜಾಪುರಕ್ಕೂ ನಡುವಿನ 1636ರ ಒಪ್ಪಂದದಲ್ಲಿ ಅಹ್ಮದನಗರದ ನಿಜಾಮಶಾಹಿ ಅಳಿದಾಗ ಈ ಕೊಂಕಣಪಟ್ಟಿ ಬಿಜಾಪುರದ ಪಾಲಿಗೆ ಬಂತು. ಸುಮಾರು ಇಪ್ಪತ್ತು ವರ್ಷ ಕಲ್ಯಾಣದ ಕಂದಾಯ ಸಂದದ್ದು ಆದಿಲ್‌ಶಾಹಿಗಳಿಗೆ. 1657ರ ಅಕ್ಟೋಬರಿನಲ್ಲಿ ಶಿವಾಜಿ ಕಲ್ಯಾಣ, ಭಿವಂಡಿಗಳನ್ನು ಗೆದ್ದುಕೊಂಡರು. ಮರಾಠಾ ನೌಕಾಪಡೆಯ ಮೊದಲ ಹಡಗುಗಳು ತಯಾರಾದದ್ದು ಈ ಖಾರಿಯಲ್ಲೇ ಎಂದು ಮರಾಠಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಕೋಟೆಯಲ್ಲಿ ದುರ್ಗಾದೇವಿಯ ಗುಡಿಯೂ ಇದೆ, ಈದ್ಗಾ ಕೂಡ ಇದೆ. ಜಾಗದ ಬಗ್ಗೆ ಬಹುಕಾಲದ ವ್ಯಾಜ್ಯವಿರುವುದರಿಂದ ಹಬ್ಬದ ದಿನಗಳಲ್ಲಿ ಪೊಲೀಸರ ಕಟ್ಟುಪಾಡುಗಳಿರುತ್ತವೆ. ನವರಾತ್ರಿಯ ಜನಸಾಗರ ಬೇಡವೆನ್ನುವವರು ಬೇರೆ ದಿನ ಹೋಗಲಿ.

ಕಲ್ಯಾಣಕ್ಕೆ ಇನ್ನೊಂದು ಹೆಮ್ಮೆಯೂ ಇದೆ. ಅಮೆರಿಕಕ್ಕೆ ಹೋಗಿ 1886ರಲ್ಲಿ ವೈದ್ಯ ಪದವಿ ಪಡೆದ ಆನಂದೀಬಾಯಿ ಜೋಶಿ 1865ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ತಿರುಗಾಟದ ಕೊನೆಗೆ ಇಲ್ಲಿನ ಪ್ರಸಿದ್ಧ ಖಿಡ್ಕಿ ವಡಾ ತಿಂದು ಬಂದರೆ ಮಕ್ಕಳೂ ತೃಪ್ತರು.

ಅರ್ಧ ದಿನ ಹೆಚ್ಚಿಗೆ ಇದ್ದವರು ಕಸಾರಾ ಮಾರ್ಗದಲ್ಲಿ ಕಲ್ಯಾಣದಿಂದ ಮೂರನೆಯ ನಿಲ್ದಾಣವಾದ ಟಿಟ್ವಾಳಾಕ್ಕೆ ಹೋಗಬಹುದು. ಶಕುಂತಲೆಯ ಕಥೆಯ ಕಣ್ವಾಶ್ರಮ ಇಲ್ಲಿತ್ತೆಂದು ಸ್ಥಳಪುರಾಣ. ಈಗಿನ ಗಣಪತಿ ದೇವಸ್ಥಾನದ ಚರಿತ್ರೆ ಪೇಶ್ವೆ ಮಾಧವರಾಯರ ಕಾಲದ್ದು. ಮಂಗಳವಾರ, ಅದರಲ್ಲೂ ಅಂಗಾರಕ ಸಂಕಷ್ಟಿಯ ದಿನ ಸಾಲು ಗಂಟೆಗಟ್ಟಲೆ ಸಾಗುವುದಿಲ್ಲ.

ಥಾಣೆ: ಕಾಲ್ನಡಿಗೆಯ ಮೂರು ಗಂಟೆ

ಥಾಣೆಯ ಹಳೆಯ ಊರನ್ನು ನಡೆದೇ ನೋಡಬೇಕು. ಆರಂಭಕ್ಕೆ ರೈಲು ನಿಲ್ದಾಣವೇ ಸರಿಯಾದ ಜಾಗ. 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತದ್ದು ಥಾಣೆಯಲ್ಲಿ. 34 ಕಿಲೋಮೀಟರು ದಾರಿ, 14 ಡಬ್ಬಿ, 400 ಅತಿಥಿಗಳು, ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಬಂಡಿಗಳು. ಮರುವರ್ಷ ಮೇ ತಿಂಗಳಲ್ಲಿ ಹಳಿ ಕಲ್ಯಾಣ ಮುಟ್ಟಿತು. ಥಾಣೆ ದಾಟಿದ ಮೇಲೆ ಬರುವ, 1916ರಲ್ಲಿ ತೆರೆದ ಪಾರ್ಸಿಕ್ ಸುರಂಗ 1.3 ಕಿಲೋಮೀಟರು ಉದ್ದ. ಊರಿಗೆ ಹೊರಟ ದೂರದ ರೈಲಿನಲ್ಲಿ ಕುಳಿತಾಗ ಮಕ್ಕಳಿಗೆ ತೋರಿಸಿ.

ಪಶ್ಚಿಮಕ್ಕಿಳಿದು ಹತ್ತು ನಿಮಿಷ ನಡೆದರೆ ತಲಾವ್ ಪಾಳಿ, ಅಂದರೆ ಮಾಸುಂದಾ ಕೆರೆ. ಕೆರೆಗಳ ಊರೆಂದು ಹೆಸರಾದ ಥಾಣೆಯ ನಡುಮನೆ ಇದು. ದಂಡೆಯಲ್ಲಿ ಗಡ್ಕರಿ ರಂಗಾಯತನ ನಾಟಕಮಂದಿರವಿದೆ. ಕೆರೆಯ ಮಗ್ಗುಲಿನಲ್ಲೇ ಕೋಪಿನೇಶ್ವರ ದೇವಸ್ಥಾನ. ಶಿಲಾಹಾರರ ಕಾಲಕ್ಕೆ ಸ್ಥಾನಕವೆಂಬ ಹೆಸರಿನ ಈ ಊರು ಅವರ ರಾಜಧಾನಿಯಾಗಿತ್ತು. ಆ ಕಾಲದ ನಂಟು ಹೇಳುವ ಈ ಶಿವಾಲಯವನ್ನು 1760ರಲ್ಲಿ ಸರಸುಭೇದಾರ ರಾಮಾಜಿ ಮಹಾದೇವ ಬಿವಲ್ಕರ್ ಹೊಸದಾಗಿ ಕಟ್ಟಿಸಿದರು. ಆಳೆತ್ತರಕ್ಕೆ ಸಮೀಪಿಸುವ ಇಲ್ಲಿನ ದೊಡ್ಡ ಲಿಂಗದ ಮುಂದೆ ಬೆಳಗಿನ ಹೊತ್ತು ಜನ ಕಡಿಮೆ.

ಜಾಂಭಳಿ ನಾಕೆಯ ತರಕಾರಿ, ಹೂವಿನ ಪೇಟೆ ದಾಟಿ ಟೆಂಭಿ ನಾಕೆಯ ಕಡೆ ಬಂದರೆ 1879ರ ಶಾರ್ ಹಶಮಾಯಿಂ ಯೆಹೂದಿ ಪ್ರಾರ್ಥನಾಮಂದಿರ. ಕೊಂಕಣದ ಕರಾವಳಿಯಲ್ಲಿ ಎಣ್ಣೆಗಾಣ ನಡೆಸುತ್ತ ಮರಾಠಿ ಮಾತಾಡಿಕೊಂಡು ಬಾಳಿದ ಬೆನೆ ಇಸ್ರೇಲ್ ಜನರದು ಇದು. ಬಹುಪಾಲು ಕುಟುಂಬಗಳು ಇಸ್ರೇಲಿಗೆ ಹೋದ ಮೇಲೂ ಇಲ್ಲಿ ಪ್ರಾರ್ಥನೆ ನಡೆಯುತ್ತಿದೆ. ಒಳಹೋಗಲು ಮೊದಲೇ ಅನುಮತಿ ಬೇಕು, ಗುರುತಿನ ಚೀಟಿ ತೋರಿಸಬೇಕು. ಶನಿವಾರ ಅವರ ವಿಶ್ರಾಂತಿಯ ದಿನವಾದ್ದರಿಂದ ಅಂದು ಹೋಗಬೇಡಿ. ಹೀಗೆ ಹಲವು ನಂಬಿಕೆಯವರು ಬಂದುಹೋದ ಊರು ಥಾಣೆ. 13ನೆಯ ಶತಮಾನದ ಕೊನೆಗೆ ಮಾರ್ಕೊ ಪೋಲೊ ಇದನ್ನು ತಾನಾ ಎಂದು ವರ್ಣಿಸಿದ್ದಾನೆ. 1321ರಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಪಾದ್ರಿಗಳು ಇಲ್ಲಿ ಹತರಾದ ಸಂಗತಿ ಯುರೋಪಿನ ಪ್ರವಾಸಕಥನಗಳಲ್ಲಿ ದಾಖಲಾಗಿದೆ.

ಕೊನೆಯ ನಿಲುಗಡೆ ಥಾಣೆ ಕೋಟೆ. ಪೋರ್ಚುಗೀಸರು 1730ರಲ್ಲಿ ಕಟ್ಟಲು ತೊಡಗಿದ ಇದನ್ನು 1737ರಲ್ಲಿ ಮರಾಠರು, 1774ರ ಡಿಸೆಂಬರಿನಲ್ಲಿ ಇಂಗ್ಲಿಷರು ಗೆದ್ದರು. ಈಗಲೂ ಸೆರೆಮನೆಯಾಗಿರುವುದರಿಂದ ಹೊರಗೋಡೆಯನ್ನಷ್ಟೇ ನೋಡಬಹುದು, ಫೋಟೊ ತೆಗೆಯುವಂತಿಲ್ಲ. ಪೇಶ್ವೆಯ ಮಂತ್ರಿ ತ್ರಿಂಬಕ್‌ಜಿ ಡೇಂಗಳೆ 1816ರಲ್ಲಿ ತಪ್ಪಿಸಿಕೊಂಡು ಹೋದದ್ದು ಈ ಗೋಡೆ ದಾಟಿಯೇ. ನಾಸಿಕದ ಕಲೆಕ್ಟರ್ ಜಾಕ್ಸನ್ನನ ಕೊಲೆಗಾಗಿ ತರುಣ ಅನಂತ ಕಾನ್ಹೇರೆ ಮತ್ತು ಇಬ್ಬರು ಸಂಗಾತಿಗಳನ್ನು 1910ರ ಏಪ್ರಿಲ್ 19ರಂದು ಗಲ್ಲಿಗೇರಿಸಿದ್ದೂ ಇಲ್ಲೇ. ನಡೆದು ಹಸಿದ ಹೊಟ್ಟೆಗೆ ಹತ್ತಿರದ ಮಾಮ್ಲೇದಾರ್ ಮಿಸಳ್ ಇದೆ. ಖಾರ ಬೇಡದವರು ಮೊದಲೇ ಹೇಳಬೇಕು.

ಡೊಂಬಿವಲಿ: ಹಬ್ಬದ ದಿನ ನೋಡಬೇಕಾದ ಊರು

ಡೊಂಬಿವಲಿಯಲ್ಲಿ ಹಳೆಯ ಕೋಟೆಕೊತ್ತಲ ಹುಡುಕಬೇಡಿ. ಕಲ್ಯಾಣ-ಶೀಲ್ ರಸ್ತೆಯ ಖಿಡ್ಕಾಳೇಶ್ವರ ಶಿವಾಲಯ, ಕೆರೆ ಸಂಜೆಯ ಹೊತ್ತಿಗೆ ಚೆನ್ನ. ಆದರೆ ಈ ಊರಿನ ಸೊಗಸು ಇರುವುದು ಅದರ ಹಬ್ಬಗಳಲ್ಲಿ. ಗುಡಿಪಾಡ್ವಾದ ಬೆಳಗ್ಗೆ ಸಾಂಪ್ರದಾಯಿಕ ಉಡುಗೆಯಲ್ಲಿ ಹೊರಡುವ ಸ್ವಾಗತಯಾತ್ರೆ 1990ರ ದಶಕದ ಕೊನೆಗೆ ಇಲ್ಲಿನ ಗಣೇಶಮಂದಿರದ ಆಶ್ರಯದಲ್ಲಿ ಆರಂಭವಾಗಿ ಆಮೇಲೆ ಮಹಾರಾಷ್ಟ್ರದ ಊರೂರಿಗೆ ಹಬ್ಬಿತು. ಅಂದು ನಮಗೂ ಚಾಂದ್ರಮಾನ ಯುಗಾದಿ. ಬೇವುಬೆಲ್ಲ ತಿಂದು ಫಡ್ಕೆ ರಸ್ತೆಗೆ ಹೊರಟರೆ ಡೋಲು ತಾಶೆಯ ಸದ್ದಿನಲ್ಲಿ ಲೇಝಿಮ್ ಕುಣಿತ, ನೌವಾರಿ ಸೀರೆಯಲ್ಲಿ ಬೈಕೇರಿದ ಹೆಣ್ಣುಮಕ್ಕಳು ಕಾಣಸಿಗುತ್ತಾರೆ. ದೀಪಾವಳಿಯ ನಸುಕಿಗೆ ಇದೇ ರಸ್ತೆಯಲ್ಲಿ ಊರಿನ ತರುಣ ತರುಣಿಯರು ಸೇರುವುದೂ ಪ್ರಸಿದ್ಧ.

ಕನ್ನಡಿಗರ ಪಾಲಿಗೆ ಡೊಂಬಿವಲಿ ಕರ್ನಾಟಕ ಸಂಘ, ಅದು ನಡೆಸುವ ಮಂಜುನಾಥ ವಿದ್ಯಾಲಯ ಊರಿನ ಗುರುತುಗಳೇ. ಮಳೆಗಾಲದಲ್ಲಿ ತವರಿನ ಮೇಳಗಳಿಗೆ ಬಿಡುವು ಸಿಕ್ಕಾಗ ಯಕ್ಷಗಾನ, ತಾಳಮದ್ದಲೆಯ ತಂಡಗಳು ಈ ಭಾಗಕ್ಕೆ ಬರುತ್ತವೆ. ಸಂಘಗಳ ಫಲಕ, ಮುಂಬಯಿಯ ಕನ್ನಡ ಪತ್ರಿಕೆಗಳ ಕಾರ್ಯಕ್ರಮ ಪಟ್ಟಿಯ ಮೇಲೆ ಕಣ್ಣಿಟ್ಟರೆ ಅದೂ ಒಂದು ಸಂಜೆಯ ತಿರುಗಾಟವಾದೀತು.

ನವಿ ಮುಂಬಯಿ: ಹೊಸ ಊರಿನಲ್ಲೂ ನೋಡಲು ಇದೆ

1965ರಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು ‘ಮಾರ್ಗ್’ ಪತ್ರಿಕೆಯಲ್ಲಿ ಒಂದು ಯೋಜನೆ ಮುಂದಿಟ್ಟರು: ಮುಂಬಯಿ ಉತ್ತರಕ್ಕೆ ಉದ್ದವಾಗುವ ಬದಲು ಖಾರಿ ದಾಟಿ ಪೂರ್ವಕ್ಕೆ ಬೆಳೆಯಲಿ. 1970ರ ಮಾರ್ಚಿನಲ್ಲಿ ಹೊಸ ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ ಹುಟ್ಟಿತು, 1973ರಲ್ಲಿ ವಾಶಿ ಸೇತುವೆ ತೆರೆಯಿತು, 1992ರಲ್ಲಿ ರೈಲು ವಾಶಿಗೆ ಬಂತು. ಹೀಗೆ ಎದ್ದ ಊರಿನಲ್ಲಿ ಅರ್ಧ ದಿನ ಕಳೆಯಲು ಮೂರು ತಾಣಗಳಿವೆ.

ಮೊದಲನೆಯದು ಸಿಬಿಡಿ ಬೇಲಾಪುರದ ಸೆಕ್ಟರ್ 8ರ ಆರ್ಟಿಸ್ಟ್ ವಿಲೇಜ್. 1980ರ ದಶಕದಲ್ಲಿ ಕೊರಿಯಾ ವಿನ್ಯಾಸ ಮಾಡಿದ ಈ ವಸತಿಯನ್ನು ನೋಡಲು ಹೊರದೇಶದ ವಾಸ್ತುಶಿಲ್ಪ ವಿದ್ಯಾರ್ಥಿಗಳೂ ಬರುತ್ತಾರೆ. ಏಳು ಮನೆಗೆ ಎಂಟು ಮೀಟರು ಚೌಕದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ ಇಪ್ಪತ್ತೊಂದು ಮನೆಗೆ ಇನ್ನೊಂದು ದೊಡ್ಡ ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಾಗಿಲ್ಲ. ಹಾಗಾಗಿ ಆದಾಯ ಹೆಚ್ಚಿದಂತೆ ಯಾರ ತಕರಾರೂ ಇಲ್ಲದೆ ಮನೆ ಬೆಳೆಸಿಕೊಳ್ಳಬಹುದು ಎಂಬುದು ಲೆಕ್ಕಾಚಾರ. ಜನ ಹಾಗೇ ಬೆಳೆಸಿಕೊಂಡಿದ್ದಾರೆ, ಮೂಲ ಹಂಚಿನ ಮನೆಗಳು ಕೆಲವೇ ಉಳಿದಿವೆ, ಅಂಗಳಗಳು ಮಾತ್ರ ಹಾಗೆಯೇ ಇವೆ. ಜನ ವಾಸಿಸುವ ಓಣಿಗಳಾದ್ದರಿಂದ ಕಿಟಕಿಗಳತ್ತ ಕ್ಯಾಮೆರಾ ತಿರುಗಿಸದೆ ನಡೆದುಬನ್ನಿ.

ಎರಡನೆಯದು ಬೇಲಾಪುರದ ಕೋಟೆ. ಸಿದ್ದಿಗಳು, ಪೋರ್ಚುಗೀಸರು, ಮರಾಠರ ಕೈ ದಾಟಿ 1817ರಲ್ಲಿ ಇಂಗ್ಲಿಷರ ವಶವಾದ ಈ ಕೋಟೆಯಲ್ಲಿ ಉಳಿದಿರುವುದು ಅಲ್ಪ. ಪನ್ವೇಲ್ ಖಾರಿಯನ್ನು ಕಾಯುತ್ತಿದ್ದ ಠಾಣೆಯಿದು ಎಂದು ತಿಳಿದು ನೋಡಿದರೆ ಅರ್ಧ ಗಂಟೆ ಸಾಕು.

ಮೂರನೆಯದು ಐರೋಲಿ. ಥಾಣೆ ಖಾರಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಣೆಯಾಗಿ 2022ರಲ್ಲಿ ರಾಮ್ಸರ್ ಒಪ್ಪಂದದ ಜೌಗು ತಾಣಗಳ ಪಟ್ಟಿಗೆ ಸೇರಿತು. ಐರೋಲಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಕಾಂಡ್ಲಾ ಕಾಡಿನ ನಡುವೆ ದೋಣಿ ಹೊರಡುತ್ತದೆ. ದೋಣಿಯ ಸಮಯ ಗಡಿಯಾರದಂತೆ ಅಲ್ಲ, ಉಬ್ಬರವಿಳಿತದಂತೆ. ಆದ್ದರಿಂದ ಮೊದಲೇ ವಿಚಾರಿಸಿ ಜಾಗ ಕಾದಿರಿಸಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ಗುಲಾಬಿ ಹಕ್ಕಿಗಳ ಹಿಂಡು ದೊಡ್ಡದು. ದುರ್ಬೀನು ಇದ್ದರೆ ಒಯ್ಯಿರಿ, ಕಣ್ಣು ಕುಕ್ಕುವ ಬಣ್ಣದ ಬಟ್ಟೆ ಬೇಡ.

ಗಣೇಶಪುರಿ, ವಜ್ರೇಶ್ವರಿ: ಇಡೀ ದಿನದ ಯಾತ್ರೆ

ಭಿವಂಡಿ ತಾಲೂಕಿನ ತಾನಸಾ ಹೊಳೆಯ ಬದಿಯ ಈ ಊರುಗಳು ಮುಂಬಯಿಯ ತುಳು ಕನ್ನಡಿಗರಿಗೆ ಹೊಸತಲ್ಲ. ಕಾಞಂಗಾಡಿನಲ್ಲಿ ಗುಹೆಗಳನ್ನು ಕಡಿಸಿ, ಮಂಗಳೂರು ಸೀಮೆಯಲ್ಲಿ ತಿರುಗಾಡಿ, 1930ರ ದಶಕದಲ್ಲಿ ಇಲ್ಲಿಗೆ ಬಂದು ನಿಂತ ಭಗವಾನ್ ನಿತ್ಯಾನಂದರು ಸಮಾಧಿ ಹೊಂದಿದ್ದು 1961ರ ಆಗಸ್ಟ್ 8ರಂದು. ಅವರ ಮಾತುಗಳನ್ನು ಮಂಗಳೂರಿನ ತುಳಸಮ್ಮ ಕನ್ನಡದಲ್ಲಿ ಬರೆದಿಟ್ಟದ್ದೇ ‘ಚಿದಾಕಾಶ ಗೀತೆ’. ನಿತ್ಯಾನಂದರ ಶಿಷ್ಯ, ಸಿದ್ಧಯೋಗವನ್ನು ಅಮೆರಿಕದವರೆಗೆ ಒಯ್ದ ಮುಕ್ತಾನಂದರು ಕೂಡ ಮಂಗಳೂರು ಸೀಮೆಯವರೇ. ಸಮಾಧಿ ಮಂದಿರ, ಭೀಮೇಶ್ವರ ಗುಡಿ, ಪಕ್ಕದ ಬಿಸಿನೀರಿನ ಕುಂಡಗಳು ಒಂದೇ ಸುತ್ತಿನಲ್ಲಿವೆ. ಕುಂಡದ ನೀರು ಬಹಳ ಬಿಸಿ. ಮಕ್ಕಳನ್ನು ಇಳಿಸುವ ಮುನ್ನ ಕೈಯಿಟ್ಟು ನೋಡಿ. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ದೂರದಿಂದಲೇ ಕೈಮುಗಿಯುವುದು ಲೇಸು.

ಸಮೀಪದ ವಜ್ರೇಶ್ವರಿ ಗುಡಿ ಕೋಟೆಯಂಥ ಗೋಡೆಯೊಳಗಿದೆ. ವಸಯಿ ಕೋಟೆ ಗೆದ್ದರೆ ಗುಡಿ ಕಟ್ಟಿಸುತ್ತೇನೆಂದು ಮರಾಠಾ ಸೇನಾನಿ ಚಿಮಾಜಿ ಅಪ್ಪಾ 1739ರಲ್ಲಿ ಹರಕೆ ಹೊತ್ತಿದ್ದನಂತೆ. ಥಾಣೆಯಿಂದ ಭಿವಂಡಿ ದಾರಿಯಾಗಿ ಸುಮಾರು 40 ಕಿಲೋಮೀಟರು. ಎಸ್‌ಟಿ ಬಸ್ಸು, ಮುಂದೆ ಶೇರ್ ಆಟೋ ಸಿಗುತ್ತವೆ. ಸಂಜೆ ಮರಳುವ ಬಸ್ಸಿನ ಹೊತ್ತನ್ನು ಇಳಿದಾಗಲೇ ಕೇಳಿಕೊಳ್ಳಿ. ಗುರುಪೂರ್ಣಿಮೆಯಂದು ಭಾರಿ ಜನ.

ಮಾಹುಲಿ: ಬೆಂಗಳೂರಿನ ಕಥೆ ತೊಡಗುವ ಬೆಟ್ಟ

ಕಾಲಿಗೆ ಕಸುವಿದ್ದವರಿಗೆ ಮಾಹುಲಿ. ಕಸಾರಾ ಮಾರ್ಗದ ಆಸನ್‌ಗಾಂವ್‌ನಲ್ಲಿ ಇಳಿದು ಆಟೋದಲ್ಲಿ ಬುಡದ ಹಳ್ಳಿಗೆ ಹೋದರೆ ಮುಂದೆ ಎರಡೂವರೆ ಮೂರು ಗಂಟೆಯ ಏರು. ಎತ್ತರ ಸುಮಾರು 850 ಮೀಟರು. ನಿಜಾಮಶಾಹಿಯನ್ನು ಉಳಿಸಲು ಕೊನೆಯವರೆಗೆ ಹೆಣಗಿದ ಶಹಾಜಿ ಭೋಸಲೆ 1636ರಲ್ಲಿ ಮೊಗಲ ಮತ್ತು ಬಿಜಾಪುರದ ಸೇನೆಗಳಿಗೆ ಶರಣಾದದ್ದು ಈ ಕೋಟೆಯಲ್ಲಿ. ಸೋತವನು ಬಿಜಾಪುರದ ಚಾಕರಿಗೆ ಸೇರಿದ. ಅವನನ್ನು ಆದಿಲ್‌ಶಾಹಿ ದಕ್ಷಿಣಕ್ಕೆ ಕಳಿಸಿತು. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಯಿತು. 1664ರಲ್ಲಿ ಅವನು ತೀರಿಕೊಂಡದ್ದು ಚನ್ನಗಿರಿ ತಾಲೂಕಿನ ಹೊದಿಗೆರೆಯಲ್ಲಿ, ಸಮಾಧಿಯೂ ಅಲ್ಲೇ ಇದೆ. ಮಾಹುಲಿಯ ಸೋಲು ಹೀಗೆ ಕರ್ನಾಟಕದ ಚರಿತ್ರೆಯ ದಿಕ್ಕನ್ನೇ ಬದಲಿಸಿತು.

ಅಕ್ಟೋಬರಿನಿಂದ ಫೆಬ್ರವರಿ ಏರಲು ತಕ್ಕ ಕಾಲ. ಬೆಳಗ್ಗೆ ಏಳಕ್ಕೆ ಬುಡದಲ್ಲಿರಬೇಕು. ತಲೆಗೆ ಕನಿಷ್ಠ ಮೂರು ಲೀಟರು ನೀರು, ಹಿಡಿತದ ಬೂಟು ಇರಲಿ. ಹಳ್ಳಿಯ ದಾರಿಕಾರನೊಬ್ಬ ಜೊತೆಗಿದ್ದರೆ ಕಾಡಿನಲ್ಲಿ ಕವಲುದಾರಿ ತಪ್ಪುವುದಿಲ್ಲ. ಚಿಕ್ಕ ಮಕ್ಕಳು, ಮೊಣಕಾಲು ನೋವಿನವರು ಬುಡದ ಗುಡಿ, ತೊರೆಯ ದಂಡೆಯಲ್ಲೇ ಉಳಿದು ಬುತ್ತಿ ಬಿಚ್ಚಬಹುದು.

ಎಲ್ಲಿಂದ ತೊಡಗುವುದು

ಹಿರಿಯರ ಜೊತೆ ಹೊರಡುವವರಿಗೆ ಥಾಣೆಯ ಕೆರೆಯಂಗಳ ಅಥವಾ ಗಣೇಶಪುರಿ. ಐದಾರು ವರ್ಷದ ಮಕ್ಕಳಿಗೆ ಐರೋಲಿಯ ದೋಣಿ. ಶಾಲೆಯ ಮಕ್ಕಳಿಗೆ ಮೊದಲು ಕಾನ್ಹೇರಿ, ಮುಂದಿನ ವಾರ ಅಂಬರನಾಥ. ಈ ಕ್ರಮದಲ್ಲಿ ನೋಡಿದರೆ ಅಮೋಘವರ್ಷನ ಸಾಮಂತರಾಗಿದ್ದವರು ಇನ್ನೂರು ವರ್ಷದಲ್ಲಿ ಸ್ವತಂತ್ರವಾಗಿ ಗುಡಿ ಕಟ್ಟಿಸುವಷ್ಟು ಬೆಳೆದ ಬಗೆ ಕಣ್ಣಿಗೇ ಕಾಣುತ್ತದೆ. ತರುಣರು ದುರ್ಗಾಡಿ ನೋಡಿದ ಮೇಲೆ ಮಾಹುಲಿ ಏರಲಿ, 1636ರ ಒಪ್ಪಂದದ ಎರಡು ತುದಿಗಳು ಅವು.

ಎಲ್ಲಿ ಹೋದರೂ ಒಂದಿಷ್ಟು ಮರಾಠಿ ಆಡಿ. ಗುಡಿಯ ಗುರವ, ಕೋಟೆ ಬುಡದ ಚಹಾದ ಅಜ್ಜಿ, ಆಟೋದವ ಇವರಿಗೆ ಫಲಕಗಳಲ್ಲಿ ಬರೆಯದ ಸಂಗತಿಗಳು ಗೊತ್ತಿರುತ್ತವೆ. ನೋಡಿ ಬಂದದ್ದನ್ನು ನಿಮ್ಮ ಸೊಸೈಟಿಯ ನಾಲ್ಕು ಮನೆಗೆ ಹೇಳಿ, ಮುಂದಿನ ಸಲ ಅವರನ್ನೂ ಕರೆದೊಯ್ಯಿರಿ. ಜನ ಬಂದು ವಿಚಾರಿಸುವ ಸ್ಮಾರಕದ ಸುತ್ತ ಕಸ ಸುರಿಯುವವರು, ಗೋಡೆಗೆ ಹೆಸರು ಗೀಚುವವರು ಕಡಿಮೆಯಾಗುತ್ತಾರೆ, ಪಾಲಿಕೆಯೂ ಎಚ್ಚರವಾಗಿರುತ್ತದೆ. ಊರಿನ ಗೊಮ್ಮಟನಷ್ಟೇ ಈ ತಾಣಗಳೂ ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳ ಪಾಲಿನವು.